ಅಕ್ಕನ ಕಾರಿನ ಹಿಂದಿನ ಸೀಟು

ಅಕ್ಕನ ಮನೆಗೆ ಚರ್ಮದ ಸೀಟಿನ ಕಾರು ಬಂದಿದೆ ಎಂದು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಹಸಿವಿಲ್ಲ ಎಂದು ನಮ್ಮನೆಯವರಿಗೆ ಹೇಳಿದೆ. ಸುಳ್ಳು. ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವಿರಲಿಲ್ಲ, ಪೂರ್ತಿ ಕಿಚ್ಚೇ ತುಂಬಿತ್ತು. ಈಗ ನನಗೂ ವಯಸ್ಸಾಗಿದೆ, ಮುಚ್ಚಿಟ್ಟುಕೊಂಡು ಆಗಬೇಕಾದ್ದೇನೂ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ತವರು ಹೊಳಲ್ಕೆರೆಯ ಹತ್ತಿರದ ಒಂದು ಹಟ್ಟಿ. ಕುರಿ ಮಂದೆಯ ಮನೆ. ಇಬ್ಬರು ಹೆಣ್ಣುಮಕ್ಕಳು, ಆಮೇಲೊಬ್ಬ ತಮ್ಮ. ಅಕ್ಕ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಆದರೆ ಆ ಎರಡು ವರ್ಷ ನನಗೆ ಎಷ್ಟು ದುಬಾರಿಯಾಯಿತು ಅಂತೀರಿ! ಹೊಸ ಲಂಗ ಅವಳಿಗೆ, ಅವಳು ಬಿಟ್ಟದ್ದು ನನಗೆ. ಬಾಡಿನ ಸಾರು ಮಾಡಿದ ದಿನ ನಲ್ಲಿ ಮೂಳೆ ಅವಳ ತಟ್ಟೆಗೆ. ನಾನು ಮುಖ ಊದಿಸಿಕೊಂಡರೆ ಅವ್ವ, "ದೊಡ್ಡೋಳು ಕಣೇ, ನಾಳೆ ಕೊಟ್ಟ ಮನೆಗೆ ಹೋಗಾಳು" ಅನ್ನುತ್ತಿದ್ದಳು. ನಾನೇನು ಅಲ್ಲೇ ಬೇರು ಬಿಟ್ಟುಕೊಂಡು ಕೂರುವವಳಾ? ಅಕ್ಕ ಆ ಮೂಳೆಯನ್ನು ಸದ್ದು ಮಾಡಿ ಹೀರುತ್ತಿದ್ದಳು. ಆ ಸದ್ದು ನನಗೆ ಇವತ್ತಿಗೂ ಆಗಿ ಬರುವುದಿಲ್ಲ.

ಅಕ್ಕನನ್ನು ಹಿರಿಯೂರಿಗೆ ಕೊಟ್ಟರು. ಮದುವೆಯ ಹೊತ್ತಿಗೆ ಭಾವನಿಗೆ ಇದ್ದದ್ದು ಒಂದೇ ಲಾರಿ. ಅಕ್ಕನ ಕಾಲ್ಗುಣ ಅಂತ ಎಲ್ಲರೂ ಹಾಡಿ ಹೊಗಳುವಂತೆ ಅದು ಮೂರಾಯಿತು. ನನ್ನನ್ನು ಚಿತ್ರದುರ್ಗಕ್ಕೆ ಕೊಟ್ಟರು. ನಮ್ಮನೆಯವರದು ಸೀಟು ಹೊಲಿಯುವ ಅಂಗಡಿ, ಹೊಳಲ್ಕೆರೆ ರಸ್ತೆಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ. ಲಾರಿ, ಆಟೋ, ಟ್ರ್ಯಾಕ್ಟರಿನ ಸೀಟುಗಳಿಗೆ ಫೋಮು ತುಂಬಿ ರೆಕ್ಸಿನ್ ಹೊಲಿಯುವ ಕೆಲಸ. ನನ್ನ ಕಾಲ್ಗುಣದಿಂದ ಒಂದು ಹೊಲಿಗೆ ಯಂತ್ರ ಎರಡಾಗಿದ್ದನ್ನು ಯಾರೂ ಎಣಿಕೆಗೆ ಹಿಡಿಯಲಿಲ್ಲ. ಆದರೆ ನಮ್ಮನೆಯವರ ಕೈ ಮಾತ್ರ ಚಿನ್ನದ ಕೈ. ಮಾತು ಕಡಿಮೆ, ಹೊಲಿಗೆ ನೇರ. "ಆ ಅಂಗ್ಡಿ ಹೊಲಿಗೆ ಬಿಚ್ಚಂಗಿಲ್ಲ" ಎಂಬ ಹೆಸರಿತ್ತು. ಹಿರಿಯೂರಿನ ಲಾರಿಗಳೆಲ್ಲ ಭಾವನ ಒಂದು ಮಾತಿನ ಮೇಲೆ ನಮ್ಮಲ್ಲಿಗೇ ಬರುತ್ತಿದ್ದವು. ಅದೂ ನನಗೆ ಚುಚ್ಚುತ್ತಿತ್ತು. ನಮ್ಮ ಒಲೆ ಉರಿಯುವುದಕ್ಕೂ ಅಕ್ಕನ ಗಂಡನೇ ಬೇಕೇ?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಭಾವ ದಾವಣಗೆರೆಯ ಯಾರೋ ಸಾಹುಕಾರರಿಂದ ಹಳೆಯ ಕಾರು ಕೊಂಡರು. ದೊಡ್ಡ ಕಾರು, ಕಂದು ಬಣ್ಣದ ಸೀಟುಗಳು, ಅಸಲಿ ಚರ್ಮದವು. ಹಿಂದಿನ ಸೀಟಿನ ಅಂಚಿನಲ್ಲಿ ಒಂದು ಗೇಣು ಹೊಲಿಗೆ ಬಿಟ್ಟಿತ್ತು. ಅದನ್ನು ಸರಿ ಮಾಡಿಸಲು ಕಾರನ್ನು ನಮ್ಮ ಅಂಗಡಿಗೆ ತಂದು ಒಂದು ದಿನ ಬಿಟ್ಟರು. ಮಾರನೆಯ ದಿನ ಅದೇ ಕಾರಿನಲ್ಲಿ ಹಟ್ಟಿಗೆ ಹೋಗಿ, ಅವ್ವನನ್ನು ಕೂರಿಸಿಕೊಂಡು ಹೊಸದುರ್ಗದ ಕಡೆಯ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೋಗುವುದು ಎಂದಾಯಿತು.

ನಮ್ಮನೆಯವರು ಅವತ್ತು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಚರ್ಮಕ್ಕೆ ತಾಗದಿರಲಿ ಎಂದು ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ಸೊಂಟದ ಬೆಲ್ಟು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಸೀಟಿನ ಮೇಲೆ ಹಳೆಯ ಪಂಚೆ ಹಾಸಿ, ಅದರ ಮೇಲೆ ಮಂಡಿಯೂರಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಕೈಯಲ್ಲೇ ಹೊಲಿದರು. ಮುಗಿದ ಮೇಲೆ ನನ್ನನ್ನು ಕರೆದು, "ಮುಟ್ಟಿ ನೋಡು, ಹೆಂಗೈತೆ ಚರ್ಮ" ಎಂದು ತಾವೇ ಸವರುತ್ತಾ ನಿಂತರು. ಮದುವೆಯಾದ ಹೊಸದರಲ್ಲೂ ಈ ಮನುಷ್ಯ ನನ್ನ ಕೈಯನ್ನು ಹಾಗೆ ಸವರಿದ್ದು ನೆನಪಿಲ್ಲ. "ಐತೆ ಬಿಡ್ರಿ, ಕಾಣದ್ದೇನು" ಎಂದು ಒಳಗೆ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಅಕ್ಕ, ಭಾವ ಹಿರಿಯೂರಿನಿಂದ ಬಸ್ಸಿಗೆ ಬಂದು ಇಳಿದರು. ಭಾವ ಸೀಟು ನೋಡಿ, "ಎಲ್ಲಿ ಬಿಟ್ಟಿತ್ತು ಅಂತ್ಲೇ ಗೊತ್ತಾಗಲ್ಲ ಕಣಪ್ಪ" ಎಂದು ನಮ್ಮನೆಯವರ ಬೆನ್ನು ತಟ್ಟಿದರು. ನಮ್ಮನೆಯವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಸೆರಗಿಗೆ ಪಿನ್ನು ಹಾಕಿ ಹೊರಟಿದ್ದೆ. ಕಾರಿನ ಬಾಗಿಲಿಗೆ ಕೈಯಿಟ್ಟಿದ್ದೇ ತಡ, ಮುಂದಿನ ಸೀಟಿನಿಂದ ಅಕ್ಕ ತಿರುಗಿ ನೋಡಿದಳು.

"ಏ, ಪಿನ್ನು ತೆಗೆದು ಕುಂತ್ಕಳೇ. ಸೀಟು ಗೀಚ್ತತೆ."

"ಪಿನ್ನು ಭುಜದ ಮ್ಯಾಲೈತೆ. ನಾನೇನು ತಲೆಕೆಳಗಾಗಿ ಕುಂತ್ಕಂತೀನಾ?"

"ಹೇಳ್ದೆ ಕಣೇ ಅಷ್ಟೆ. ರೆಕ್ಸಿನ್ ಅಲ್ವಲ್ಲ ಇದು!"

ಅವಳು ನಗುತ್ತಲೇ ಅಂದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಈಗ ಗೊತ್ತು. ಆವತ್ತು ಮಾತ್ರ ಆ ರೆಕ್ಸಿನ್ ಎಂಬ ಮಾತು ನನ್ನ ಗಂಡನ ಅಂಗಡಿಯನ್ನೂ ನನ್ನ ಬದುಕನ್ನೂ ಒಟ್ಟಿಗೆ ಅಳೆದು ಬಿಸಾಕಿದಂತೆ ಕೇಳಿಸಿತು. ಪಿನ್ನು ತೆಗೆದೆ. ಹೊಳಲ್ಕೆರೆ ದಾಟುವವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಹಟ್ಟಿಯಲ್ಲಿ ಅವ್ವ ತಲೆ ಬಾಚಿ, ಹೂವು ಮುಡಿದು, ಬಾಗಿಲಲ್ಲೇ ಕಾಯುತ್ತಿದ್ದಳು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಕೈಹಾಕಿ ಸೀಟು ಮುಟ್ಟಿದಳು. "ಇದು ಎಂತದ್ರಪ್ಪ, ಇಷ್ಟು ನುಣ್ಣಗೈತೆ?"

"ಚರ್ಮ ಅತ್ತೆ. ಅಸ್ಲಿ ಚರ್ಮ" ಎಂದರು ಭಾವ, ಹೆಮ್ಮೆಯಿಂದ.

ಅವ್ವ ಚುರುಕು ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. "ಚಪ್ಲಿ ಮಾಡೋ ಚರ್ಮನಾ? ಯಪ್ಪಾ ಶಿವನೇ! ಚಪ್ಲಿ ಮ್ಯಾಲೆ ಕುಂತ್ಕಂಡು ದೇವ್ರತ್ರ ಹೋಗಾದಾ? ಒಸಿ ತಡೀರಿ."

ಹಿತ್ತಲಿಗೆ ಹೋಗಿ ಕರಿ ಕಂಬಳಿ ತಂದಳು. ನಮ್ಮಲ್ಲಿ ಕಂಬಳಿಗೆ ಮೈಲಿಗೆಯಿಲ್ಲ. ದೇವರ ಗದ್ದಿಗೆ ಹಾಕುವುದೂ ಅದರ ಮೇಲೆಯೇ. ಹಾಗಾಗಿ ಕಂಬಳಿ ಹಾಸಿದರೆ ಚರ್ಮದ ದೋಷ ಅಲ್ಲಿಗೆ ಮುಗಿಯಿತು. ಹಿಂದಿನ ದಿನ ತಾನೇ ಅದನ್ನು ಕೆರೆಯಲ್ಲಿ ಒಗೆದು, ವಾಡಿಕೆಯಂತೆ ಜಾಲಿ ಬೇಲಿಯ ಮೇಲೆ ಹರವಿ ಒಣಗಿಸಿದ್ದಳು. ಬೇಲಿಯಿಂದ ತೆಗೆದ ಕಂಬಳಿಯಲ್ಲಿ ಮುಳ್ಳಿನ ತುದಿಗಳು ಮುರಿದು ಉಳಿದುಕೊಳ್ಳುತ್ತವೆ. ಅಂಗೈ ಆಡಿಸಿ ಒಂದೊಂದನ್ನೇ ಹುಡುಕಿ ಕೀಳುವುದು ಚಿಕ್ಕಂದಿನಿಂದಲೂ ನಮ್ಮ ಅಕ್ಕತಂಗಿಯರ ಕೆಲಸ. ಅವ್ವ ಕಂಬಳಿಯನ್ನು ನನ್ನ ಕೈಗೆ ಹಾಕಿ, "ಮುಳ್ಳು ನೋಡಿ ಹಾಸೇ, ಕಾಯಿ ತರ್ತೀನಿ" ಎಂದು ಒಳಗೆ ಹೋದಳು.

ನಾನು ಅಂಗೈ ಆಡಿಸಿದೆ. ಒಂದು ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು. ಒಟ್ಟು ಐದೋ ಆರೋ ಇದ್ದವು, ಒಂದಂತೂ ಬೆರಳಿಗೆ ಹೊಕ್ಕು ರಕ್ತ ಬಂತು. ಉಗುರಲ್ಲಿ ಎಳೆದು ಬಿಸಾಕಿದ್ದರೆ ಎರಡು ನಿಮಿಷದ ಕೆಲಸ. ಭಾವ ನೀರು ಕುಡಿಯಲು ಒಳಗೆ ಹೋಗಿದ್ದರು. ಅಕ್ಕ ಹಿಂದೆ ತಿರುಗಿಯೂ ನೋಡದೆ ಮುಂದೆ ಕೂತು ಕಾರಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೂವು ಸರಿಮಾಡಿಕೊಳ್ಳುತ್ತಿದ್ದಳು. ಮುಳ್ಳಿದ್ದ ಮಗ್ಗುಲನ್ನು ಕೆಳಗೆ ಮಾಡಿ ಹಾಸಿದೆ. ಗಮನವಿಲ್ಲದೆ ಹಾಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಗಮನವಿಲ್ಲದವಳು ಮಗ್ಗುಲು ತಿರುಗಿಸಿ ಹಾಸುತ್ತಾಳಾ?

ಅವ್ವ ಹತ್ತಿ ಕೂತಳು, ಪಕ್ಕದಲ್ಲಿ ನಾನು. ಹೊಸದುರ್ಗದ ಕಡೆಯ ರಸ್ತೆ ಆಗ ಹೇಗಿತ್ತು ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಗುಂಡಿಗೂ ಅವ್ವ "ಶಿವಶಿವಾ" ಎನ್ನುತ್ತಾ ಈ ಕಡೆಯಿಂದ ಆ ಕಡೆಗೆ ಜಾರುತ್ತಿದ್ದಳು. ಅವಳ ಜೊತೆ ಕಂಬಳಿಯೂ ಜಾರುತ್ತಿತ್ತು. ಪ್ರತಿ ಸಲ ಜಾರಿದಾಗಲೂ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಹಾಲುರಾಮೇಶ್ವರದಲ್ಲಿ ಎಲ್ಲರೂ, ಬೇಡಿಕೊಂಡದ್ದು ಕೈಗೂಡುತ್ತದೆ ಎನ್ನುವ ಆ ಕೊಳದ ಮುಂದೆ ಕಣ್ಣು ಮುಚ್ಚಿ ಕೈಮುಗಿದು ಕೂತರು. ನಾನೂ ಕೂತೆ. ಬೇಡಿಕೊಳ್ಳಲು ಏನೂ ತೋಚಲಿಲ್ಲ.

ಸಂಜೆ ಹಟ್ಟಿಯಲ್ಲಿ ಅವ್ವನನ್ನು ಇಳಿಸುವಾಗ ಕಂಬಳಿ ಮಡಚಿಕೊಟ್ಟವಳೂ ನಾನೇ. ಸೀಟಿನ ತುಂಬ ಗೀರುಗಳು, ಬೆಕ್ಕು ಪರಚಿದ ಹಾಗೆ. ಇಷ್ಟಾಗುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಆದರೂ ಅವುಗಳ ಮೇಲೆಯೇ ಕೂತು ಚಿತ್ರದುರ್ಗಕ್ಕೆ ಬಂದು ಇಳಿದೆ.

ಮಾರನೆಯ ಮಧ್ಯಾಹ್ನ ಭಾವನ ಕಾರು ಮತ್ತೆ ಅಂಗಡಿಯ ಮುಂದೆ ನಿಂತಿತು. ಅಕ್ಕನೂ ಇದ್ದಳು. ಭಾವ ಇಳಿದವರೇ ಹಿಂದಿನ ಬಾಗಿಲು ತೆರೆದು ಕೂಗಾಡತೊಡಗಿದರು. ನಾನು ಒಳಬಾಗಿಲ ಪರದೆಯ ಹಿಂದೆ ನಿಂತು ಕೇಳಿಸಿಕೊಂಡೆ.

"ಏನಪ್ಪ ಇದು? ಹೊಲಿ ಅಂತ ಕೊಟ್ರೆ ಉಳುಮೆ ಮಾಡಿ ಕೊಟ್ಟಿದೀಯಲ್ಲ! ಸೀಟಿನ ಮ್ಯಾಲೆ ಕತ್ರಿ ಆಡ್ಸಿದ್ಯೋ, ಉಳಿ ಆಡ್ಸಿದ್ಯೋ?"

ನಮ್ಮನೆಯವರು ಬಗ್ಗಿ ನೋಡಿದರು. ಗೀರುಗಳ ಮೇಲೆ ಬೆರಳಾಡಿಸಿದರು. "ಅಣ್ಣ, ನಿನ್ನೆ ಬೆಳಿಗ್ಗೆ ನೀವೇ ನೋಡಿದ್ರಲ್ಲ, ಇರ್ಲಿಲ್ಲ ಇವು."

"ನಾನು ಹೊಲಿಗೆ ನೋಡ್ದೆ, ಸೀಟೆಲ್ಲ ನೋಡ್ಲಿಲ್ಲ. ಅಂಗ್ಡಿಗೆ ಬಿಟ್ಟಾಗ ಚೆನ್ನಾಗಿತ್ತು, ಅಂಗ್ಡಿಯಿಂದ ಒಯ್ದ ಮ್ಯಾಲೆ ಹಿಂಗೈತೆ. ಇನ್ನೇನು ಹೇಳಾದೈತೆ? ನಮ್ಮ ಲಾರಿಯೋರಿಗೆಲ್ಲ ಹೇಳ್ತೀನಿ ಬಿಡು, ಈ ಅಂಗ್ಡಿ ಮೆಟ್ಲು ಹತ್ತಬ್ಯಾಡ್ರಿ ಅಂತ."

ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಸೀಟು ಬದಲಾಯಿಸಲು ಬಂದಿದ್ದ ಇಬ್ಬರು ಆಟೋದವರೂ ನಿಂತರು. ನಮ್ಮನೆಯವರು ತಮ್ಮ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅವರಿಗೆ ತಮ್ಮ ಕೈಯ ಮೇಲೆಯೇ ಅನುಮಾನ ಬಂದಿತ್ತು. ಅದನ್ನು ನೋಡಿದ ಮೇಲೆ ಪರದೆಯ ಹಿಂದೆ ನಿಲ್ಲಲು ನನ್ನಿಂದ ಆಗಲಿಲ್ಲ.

"ಅವರನ್ನ್ಯಾಕೆ ಬೈತೀರಿ ಭಾವ? ಅವ್ವನ ಕಂಬ್ಳಿಯಾಗೆ ಜಾಲಿ ಮುಳ್ಳಿದ್ವು. ಅದ್ರಿಂದಾಗೈತೆ."

ಭಾವನ ಬಾಯಿ ಅಲ್ಲಿಗೆ ಕಟ್ಟಿತು. ಅತ್ತೆಯ ಹೆಸರು ಬಂದ ಮೇಲೆ ನಾಲ್ಕು ಜನರ ಮುಂದೆ ಏನಂದಾರು? ಅಕ್ಕ ಹಣೆಗೆ ಕೈಯಿಟ್ಟುಕೊಂಡು, "ಅಯ್ಯೋ, ಅವ್ವ ಮುಳ್ಳು ನೋಡ್ಲಿಲ್ವಾ?" ಎಂದಳು. ಆ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಭಾವ ನಮ್ಮನೆಯವರ ಭುಜದ ಮೇಲೆ ಕೈಯಿಟ್ಟು, "ಬ್ಯಾಸ್ರ ಮಾಡ್ಕಬ್ಯಾಡ ಕಣಪ್ಪ" ಎಂದರು. ಅಂಗಡಿಯ ಹೆಸರು ಉಳಿಯಿತು.

ನಮ್ಮನೆಯವರು ಎರಡು ದಿನ ಆ ಸೀಟಿನ ಕೆಲಸಕ್ಕೇ ಕೂತರು. ಒದ್ದೆ ಬಟ್ಟೆಯಲ್ಲಿ ಒರೆಸಿ, ನುಣ್ಣನೆಯ ಮರಳು ಕಾಗದದಿಂದ ಗೀರಿನ ಅಂಚುಗಳನ್ನು ಮೆಲ್ಲಗೆ ತಿಕ್ಕಿ, ಬಣ್ಣ ಬೆರೆಸಿ ಬೆರಳ ತುದಿಯಲ್ಲೇ ತುಂಬಿ, ಒಣಗಿದ ಮೇಲೆ ಮೇಣ ಹಚ್ಚಿದರು. ಚಿಕ್ಕವೆಲ್ಲ ಮುಚ್ಚಿಹೋದವು, ಉದ್ದನೆಯವು ಎರಡು ಹಾಗೇ ಉಳಿದವು. ಕೆಲಸದ ನಡುವೆ ತಲೆಯೆತ್ತದೆ ಒಂದೇ ಮಾತು ಕೇಳಿದರು. "ಕಂಬ್ಳಿ ಹಾಸಿದ್ದು ಯಾರು?"

"ಅವ್ವ" ಎಂದೆ.

ಅವರು ಇನ್ನೊಂದು ಗೀರಿಗೆ ಬಣ್ಣ ಬೆರೆಸತೊಡಗಿದರು.

ಒಂದು ತಿಂಗಳಾಗಿರಬೇಕು. ಹೊಸದುರ್ಗದಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೊರಟೆವು. ಅದೇ ಕಾರು, ಅದೇ ನಾವು. ಹಟ್ಟಿಯಲ್ಲಿ ಕಾರು ನಿಂತಾಗ ಅವ್ವ ಬರಿಗೈಯಲ್ಲಿ ಬಂದಳು. ಅಕ್ಕ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಿದ್ದಳು. ಅವ್ವ ಭಾವನ ಮುಂದೆ ನಿಂತು ಸೆರಗು ಎಳೆದುಕೊಂಡಳು.

"ಏನೂ ತಿಳ್ಕಬ್ಯಾಡ್ರಪ್ಪ. ನನ್ನ ಕಣ್ಣು ಮಂಜಾಗವೆ. ನಾನೇ ಮುಳ್ಳು ನೋಡ್ದಂಗೆ ಹಾಸ್ಬಿಟ್ಟೆ."

"ಇರ್ಲಿ ಬಿಡಿ ಅತ್ತೆ, ಅದೇನು ಮಹಾ. ಹತ್ರಿ" ಎಂದರು ಭಾವ.

ನಾನು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹಾಸಿದ್ದು ಯಾರೆಂದು ಅವ್ವನಿಗೆ ಗೊತ್ತಿರಲಿಲ್ಲವೇ? ಕಂಬಳಿಯನ್ನು ನನ್ನ ಕೈಗೆ ಕೊಟ್ಟು ಮುಳ್ಳು ನೋಡು ಅಂದವಳೇ ಅವಳು. ಅವ್ವ ನನ್ನ ಕಡೆ ತಿರುಗಲೂ ಇಲ್ಲ. ಒಳಗೆ ಬಂದವಳು ಸೀಟಿನ ಮೇಲೆ ಕೂರದೆ, ಕಾಲಿಡುವ ಜಾಗದಲ್ಲಿ ಸೀರೆ ಒಟ್ಟುಮಾಡಿಕೊಂಡು ಕುಕ್ಕರಗಾಲಲ್ಲಿ ಕೂತಳು.

"ಅವ್ವಾ, ಮ್ಯಾಕೆ ಕುಂತ್ಕ" ಎಂದೆ. ಕೈ ಹಿಡಿದು ಎಳೆದೆ.

"ಬ್ಯಾಡ ಕಣವ್ವ, ಇಲ್ಲೇ ಆರಾಮೈತೆ. ನನ್ನಿಂದ ಮತ್ತೇನಾರ ಆಗಾದು ಬ್ಯಾಡ."

ಮಾತು ಸಿಟ್ಟಿನದ್ದಲ್ಲ, ದಿನಾ ಆಡುವ ಮಾತಿನಂತೆಯೇ ಇತ್ತು. ಅಕ್ಕ ಮುಂದಿನಿಂದ ತಿರುಗಿ ನೋಡಿದಳು. ಅವಳ ಮುಖ ಸಣ್ಣಗಾಯಿತು. ಕಾರಿಳಿದು ಹಿಂದೆ ಬಂದು ಬಾಗಿಲು ತೆರೆದು, "ಏಳವ್ವ, ಸೀಟಿನ ಮನೆ ಹಾಳಾಗ್ಲಿ, ಮ್ಯಾಲೆ ಕುಂತ್ಕ" ಎಂದು ಅಳುತ್ತಲೇ ಗೋಗರೆದಳು. ಅವ್ವ ಏಳಲಿಲ್ಲ. ನಾನು ಆಗಲಾದರೂ ಹೇಳಬೇಕಿತ್ತು. ಹಾಸಿದ್ದು ನಾನು ಕಣಕ್ಕ, ಮುಳ್ಳು ಕಂಡೂ ಹಾಸಿದೆ ಅಂತ. ಇಷ್ಟೇ ಮಾತು.

ಅಕ್ಕ ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿಸಿ, ರೇಷ್ಮೆ ಸೀರೆಯ ಪರಿವೆಯೂ ಇಲ್ಲದೆ ಅವ್ವನ ಪಕ್ಕದಲ್ಲಿ ಕೆಳಗೇ ಕೂತುಬಿಟ್ಟಳು. ಅವ್ವ ಅವಳ ಕೆನ್ನೆ ಒರೆಸಿ, ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಅದನ್ನು ಕಂಡೂ ನನಗೆ ಹೊಟ್ಟೆ ಉರಿಯಿತು. ನನ್ನಂಥವಳೂ ಇರುತ್ತಾಳಾ! ಭಾವ ಗಾಡಿ ಬಿಟ್ಟರು. ಹೊಸದುರ್ಗ ಮುಟ್ಟುವವರೆಗೂ ಆ ಚರ್ಮದ ಸೀಟಿನ ಮೇಲೆ ನಾನೊಬ್ಬಳೇ ಕೂತಿದ್ದೆ.