ಮೂರು ಗೆರೆಯ ಚಮಕಿ ಗೌನು

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಲೇಡೀಸ್ ಟೇಲರ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಹುಟ್ಟಿದ್ದು ಇಂಡಿಯಲ್ಲಿ, ಕತ್ತರಿ ಹಿಡಿಯಲು ಕಲಿತದ್ದು ಸಿಂದಗಿಯಲ್ಲಿ, ಅನ್ನ ಕೊಟ್ಟದ್ದು ಈ ಊರು. ಮದುವೆಯ ಬ್ಲೌಸು, ಶಾಲೆಯ ಯೂನಿಫಾರ್ಮು, ಹಬ್ಬದ ಚೂಡಿದಾರ, ಎಷ್ಟು ಹೊಲಿದೆನೋ ಲೆಕ್ಕವಿಲ್ಲ. ಗಿರಾಕಿ ಒಯ್ದ ಮೇಲೆ ನಾನು ಯಾವುದನ್ನೂ ನೆನಪಿಟ್ಟುಕೊಂಡವಳಲ್ಲ. ಮೂರು ವರ್ಷದ ಹಿಂದಿನ ಜನವರಿಯಲ್ಲಿ ಹೊಲಿದ ಒಂದು ಗೌನು ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅದಕ್ಕಿಂತ ಮೊದಲು ನನ್ನ ಉಸ್ತಾದರ ಒಂದು ಕಟ್ಟಳೆಯನ್ನು ಹೇಳಬೇಕು. ಸಿಂದಗಿಯಲ್ಲಿ ಕೆಲಸ ಕಲಿಯುವಾಗ ನಾನೊಮ್ಮೆ ಮದುವೆ ಗೊತ್ತಾದ ಹುಡುಗಿಯೊಬ್ಬಳ ಅಳತೆ ತೆಗೆಯುತ್ತ, "ಸೊಂಟ ಹೋದ ತಿಂಗಳಿಗಿಂತ ಎರಡು ಇಂಚ್ ಹೆಚ್ಚಾಗೇತಿ" ಎಂದು ಜೋರಾಗಿ ಒದರಿಬಿಟ್ಟೆ. ಅವಳ ಭಾವೀ ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಹುಡುಗಿ ಒಂದಿಷ್ಟು ದಪ್ಪಗಾಗಿದ್ದಳು, ಅಷ್ಟೇ. ಆದರೆ ಊರ ಬಾಯಿ ಏನೇನೋ ಕಟ್ಟಿತು, ಸಂಬಂಧ ಮುರಿಯಿತು. ಉಸ್ತಾದರು ಅಂದು ನನಗೆ ಹೊಡೆಯಲಿಲ್ಲ, ಒಂದೇ ಮಾತು ಹೇಳಿದರು: "ಟೇಪಿಗೆ ಬಾಯಿ ಇರಬಾರದು, ಹಸೀನಾ." ಅಂದಿನಿಂದ ಯಾರ ಅಳತೆ ಏರಿದರೂ ಇಳಿದರೂ ನಾನು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತಿದ್ದೆ. ಆ ಮೌನದಿಂದಲೇ ನನಗೆ ಗಿರಾಕಿ ಹೆಚ್ಚಿದರು ಎಂದರೂ ತಪ್ಪಿಲ್ಲ.

ಆ ಜನವರಿಯ ಮೊದಲ ವಾರ ನಾಲತವಾಡದಿಂದ ಶಾಂತಾ ಟೀಚರ್ ಬಂದರು. ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ಹಳೆಯ ಗಿರಾಕಿ. ಜೊತೆಗೆ ಅವರ ಒಬ್ಬಳೇ ಮಗಳು ಭಾಗ್ಯಶ್ರೀ. ಮುದ್ದೇಬಿಹಾಳದಲ್ಲೇ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ತಿಂಗಳ ಕೊನೆಗೆ ಕಾಲೇಜಿನಲ್ಲಿ ಸೆಂಡಾಫ್. ಹುಡುಗಿ ಫೋನು ನನ್ನ ಮೂಗಿಗೇ ಹಿಡಿದಳು. ಅದರಲ್ಲಿ ಮೈತುಂಬ ಮಿಂಚುವ ಗೌನು ತೊಟ್ಟ, ಕಡ್ಡಿಯಂಥ ಒಬ್ಬ ಮಾಡೆಲ್.

"ಆಂಟಿ, ಎಲ್ಲಾರೂ ಸೀರಿ ಉಡ್ತಾರ್ರಿ. ಸ್ಟೇಜ್ ಮ್ಯಾಲೆ ನಿರೂಪಣೆ ಮಾಡಾಕಿ ನಾ. ನನಗ ಇಂಥಾದ್ದ ಬೇಕ್ರಿ."

"ತೋಳ ಇಲ್ಲದ್ದು ಹಾಕ್ಕೊಂಡು ನಮ್ಮೂರಾಗ ಬಸ್ ಇಳೀತಿಯೇನು?" ಎಂದರು ಟೀಚರ್.

ಇಂಥ ಜಗಳ ಬಿಡಿಸುವುದೂ ಟೇಲರ್ ಕೆಲಸವೇ. ಮೊಳಕೈವರೆಗೆ ತೆಳು ನೆಟ್ಟಿನ ತೋಳು ಎಂದು ರಾಜಿ ಮಾಡಿಸಿದೆ. ಬಟ್ಟೆ ಆರಿಸುವಾಗ ನಾನು ಯಾರನ್ನೂ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸುವುದಿಲ್ಲ. ಚಮಕಿ ಬಟ್ಟೆ ಅಲ್ಲಿ ಎಲ್ಲರಿಗೂ ಒಪ್ಪಿದಂತೆ ಕಾಣುತ್ತದೆ. ಬಾಗಿಲ ಬಿಸಿಲಿಗೆ ಕರೆದು ಮೂರು ಥಾನು ಬಟ್ಟೆ ಬಿಚ್ಚಿ ಒಂದೊಂದಾಗಿ ಅವಳ ಹೆಗಲ ಮೇಲೆ ಹಾಕಿದೆ. ಬೆಳ್ಳಿ ಬಣ್ಣ ಅವಳ ಗೋಧಿ ಮೈಗೆ ಬೂದಿ ಬಳಿದಂತಾಯಿತು. ಬಂಗಾರದ್ದರಲ್ಲಿ ಚಮಕಿ ದೊಡ್ಡವು, ಹತ್ತಿರದಿಂದ ಮೀನಿನ ಹುರುಪೆ. ಕಡುಹಸಿರು ನೆಟ್ಟಿನ ಮೇಲೆ ಸಾಸಿವೆಯಷ್ಟು ಸಣ್ಣ ಚಮಕಿ ಇದ್ದ ಬಟ್ಟೆ ಹಾಕಿದಾಗ ತಾಯಿ ಮಗಳು ಇಬ್ಬರ ಕೈಯೂ ಒಟ್ಟಿಗೇ ಅದರ ಮೇಲೆ ಹೋಯಿತು. ಅದೇ ಖಾಯಂ ಆಯಿತು. ಕಿವಿಗೆ ಸಣ್ಣ ಹರಳು, ಕೊರಳು ಬರಿದು, ಕೂದಲು ಹಿಂದೆ ಕೆಳಗೆ ಗಂಟು. ಬಟ್ಟೆ ಮಾತಾಡುವಾಗ ಒಡವೆ ಸುಮ್ಮನಿರಬೇಕು ಎಂದು ತಿಳಿಸಿ ಹೇಳಿದೆ. ಅಂದು ಸೊಂಟದ ಅಳತೆ ಇಪ್ಪತ್ತೆಂಟು ಇಂಚು.

ಚಮಕಿ ಬಟ್ಟೆ ಹೊಲಿಯುವುದು ಸುಲಭವಲ್ಲ. ಹೊಲಿಗೆ ಬೀಳುವ ಗೆರೆಯ ಮೇಲಿನ ಚಮಕಿಗಳನ್ನು ಮೊದಲು ಒಂದೊಂದಾಗಿ ಕೈಯಿಂದ ಕೀಳಬೇಕು, ಇಲ್ಲವಾದರೆ ಮಷೀನಿನ ಸೂಜಿ ಮುರಿಯುತ್ತದೆ. ಒಮ್ಮೆ ಹೊಲಿದ ಮೇಲೆ ಗೆರೆ ಬದಲಿಸಿದರೆ ಹೊಸ ಗೆರೆಯಲ್ಲೂ ಮತ್ತೆ ಕೀಳಬೇಕು. ಹೆಚ್ಚಿನ ಬಟ್ಟೆಯನ್ನು ಮಾತ್ರ ನಾನು ಕತ್ತರಿಸುವುದಿಲ್ಲ. ಹುಡುಗಿಯರು ಮುಂದೆ ಮೈತುಂಬಿಕೊಳ್ಳುತ್ತಾರೆ ಎಂದು ಮಾರ್ಜಿನ್ ಒಳಗೇ ಮಡಚಿ ಬಿಡುತ್ತೇನೆ.

ಹತ್ತು ದಿನದ ಮೇಲೆ ಮೊದಲ ಟ್ರಯಲ್. ಸೊಂಟದಲ್ಲಿ ಗೌನು ಸಡಿಲ. ಟೇಪು ಹಿಡಿದರೆ ಇಪ್ಪತ್ತೇಳು. ನನ್ನ ಅಳತೆ ತಪ್ಪುವುದು ಅಪರೂಪ, ಆದರೂ ನನ್ನದೇ ತಪ್ಪಿರಬಹುದು ಎಂದುಕೊಂಡು ಒಂದಿಂಚು ಒಳಗೆ ಹಿಡಿದು ಹೊಲಿದೆ. ಅವತ್ತು ಹುಡುಗಿ ಒಂದು ಚರಿಗೆ ನೀರು ಒಂದೇ ಉಸಿರಿಗೆ ಕುಡಿದು ಇನ್ನೊಂದು ಕೇಳಿದಳು. ಸುಡುವ ಬಿಸಿಲೇನೂ ಇರಲಿಲ್ಲ, ಥಂಡಿಯ ದಿನ.

"ನಿನಗ ನನ್ನ ಚರಿಗಿ ಸಾಲಂಗಿಲ್ಲವಾ, ಆಲಮಟ್ಟಿ ಡ್ಯಾಮ ಬೇಕು" ಎಂದು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕೆವು. ಆ ನಗು ಈಗ ನೆನಪಾದರೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಆರು ದಿನದ ನಂತರ ಎರಡನೇ ಟ್ರಯಲ್, ಇಪ್ಪತ್ತಾರು ಇಂಚು. ಟ್ರಯಲ್ ನಡುವೆ ಎರಡು ಸಲ ಹುಡುಗಿ ಪಕ್ಕದ ಮನೆಯ ಬಚ್ಚಲಿಗೆ ಓಡಿದಳು. "ಪರೀಕ್ಷಾ ಹತ್ರ ಬಂತಲ್ರಿ, ಓದಿ ಓದಿ ಸೊರಗ್ಯಾಳ" ಎಂದರು ಟೀಚರ್. ನಾನು ಹೂಂ ಎಂದು ಮತ್ತೆ ಚಮಕಿ ಕೀಳಲು ಕೂತೆ.

ಸೆಂಡಾಫಿಗೆ ಎರಡು ದಿನ ಇರುವಾಗ ಕೊನೆಯ ಟ್ರಯಲ್. ಅವಳು ಎತ್ತರದ ಸ್ಯಾಂಡಲ್ ತಂದಿದ್ದಳು, ಅದರ ಮೇಲೆ ನಿಲ್ಲಿಸಿ ಕೆಳಗಿನ ಅಂಚು ಸರಿ ಮಾಡಬೇಕಿತ್ತು. ಸೊಂಟಕ್ಕೆ ಟೇಪು ಹಾಕಿದಾಗ ಇಪ್ಪತ್ನಾಲ್ಕೂವರೆ. ನನ್ನ ಬೆರಳಿಗೆ ಅವಳ ಪಕ್ಕೆಲುಬು ಒಂದೊಂದಾಗಿ ಸಿಕ್ಕವು. ಅವಳ ಮುಖದ ಹತ್ತಿರ ಹೋದಾಗ ಹಣ್ಣು ವಿಪರೀತ ಮಾಗಿದಂಥ ವಾಸನೆ. ಚೂಯಿಂಗ್ ಗಮ್ ಇರಬೇಕು ಎಂದುಕೊಂಡೆ. ಪಿನ್ನು ಚುಚ್ಚಿ ಗೌನು ಬಿಗಿ ಮಾಡಿ ಕನ್ನಡಿಯ ಮುಂದೆ ನಿಲ್ಲಿಸಿದೆ.

"ನೋಡ್ರಿ ಹಸೀನಾಬಾಯಾರ, ಥೇಟ್ ಫೋಟೋದಾಗಿನ ಹುಡಿಗಿ ಆಗ್ಯಾಳ!" ಟೀಚರ್ ಮುಖ ಅರಳಿತ್ತು.

ಹೌದು, ಹಾಗೇ ಕಾಣುತ್ತಿದ್ದಳು. ನಾನೂ ಹೆಮ್ಮೆಪಟ್ಟೆ. ಮೂರೂವರೆ ವಾರದಲ್ಲಿ ಮೂರೂವರೆ ಇಂಚು ಕರಗಿದ ಹುಡುಗಿ ನನ್ನ ಕೈಯಲ್ಲಿ ನಿಂತಿದ್ದಳು, ನಾನು ನನ್ನ ಫಿಟಿಂಗ್ ನೋಡುತ್ತಿದ್ದೆ. ಯಾಕೆ ಹೀಗೆ ಇಳಿಯುತ್ತಿದ್ದಾಳೆ ಎಂದು ಕೇಳುವ ಮಾತು ನಾಲಿಗೆಯವರೆಗೆ ಬಂದದ್ದು ನಿಜ. ವಯಸ್ಸಿಗೆ ಬಂದ ಹುಡುಗಿಯ ಮೈ ಬಗ್ಗೆ ತಾಯಿಯ ಎದುರಿಗೆ ನಾನೇಕೆ ಬಾಯಿ ಬಿಡಲಿ ಎಂದು ನುಂಗಿಕೊಂಡು ಪುಸ್ತಕದಲ್ಲಿ ಇಪ್ಪತ್ನಾಲ್ಕೂವರೆ ಎಂದು ಬರೆದೆ. ಅಂದೇ ರಾತ್ರಿ ಮೂರನೇ ಸಲ ಚಮಕಿ ಕಿತ್ತು ಹೊಲಿದು ಮುಗಿಸಿದೆ.

ಸೆಂಡಾಫಿನ ದಿನ ಬೆಳಿಗ್ಗೆ ಗೌನು ಒಯ್ಯಲು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನ ಎರಡು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ನಾಲ್ಕು ಗಂಟೆಗೆ ಬಾಗಿಲ ಬಿಸಿಲು ಒಳಗೆ ಬಂದು ಹ್ಯಾಂಗರಿನ ಗೌನಿಗೆ ಬಿತ್ತು. ಗೋಡೆ, ಛಾವಣಿ, ನನ್ನ ಕೈ, ಎಲ್ಲೆಡೆ ಬೆಳಕಿನ ಚುಕ್ಕೆಗಳು ಹರಿದಾಡಿದವು. ಯಾರೋ ಒಳಗೆ ಬಂದು ಸುತ್ತಾಡಿದ ಹಾಗಿತ್ತು. ನನಗೆ ಯಾಕೋ ಭಯವಾಗಿ ಗೌನಿನ ಮೇಲೆ ಹಳೆಯ ಸೀರೆ ಹೊದಿಸಿದೆ.

ಮರುದಿನ ಅವಳ ಗೆಳತಿಯಿಂದ ಸುದ್ದಿ ತಿಳಿಯಿತು. ಹಿಂದಿನ ದಿನ ಬೆಳಿಗ್ಗೆ ವಾಂತಿ, ಏದುಸಿರು. ಪಿತ್ತ ಎಂದು ಮನೆಯವರು ನಿಂಬೆ ನೀರು ಕೊಟ್ಟರಂತೆ. ಎಚ್ಚರ ತಪ್ಪಿದಾಗ ವಿಜಯಪುರಕ್ಕೆ ಒಯ್ದರು. ಟೈಪ್ ಒನ್ ಡಯಾಬಿಟಿಸ್. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಕಾಯಿಲೆ, ಮಕ್ಕಳಿಗೂ ಬರುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಸೊರಗುವುದು, ಕೊನೆಗೆ ಉಸಿರಿನಲ್ಲಿ ಹಣ್ಣಿನ ವಾಸನೆ. ಎಲ್ಲ ಲಕ್ಷಣಗಳೂ ನನ್ನ ಅಂಗಡಿಯಲ್ಲೇ ಮೆರವಣಿಗೆ ಹೋಗಿದ್ದವು. ಐದು ದಿನ ಅವಳು ಐಸಿಯುನಲ್ಲಿದ್ದಳು. ಆ ಐದು ದಿನ ನಾನು ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಅವಳು ಹೋಗಿಬಿಟ್ಟರೆ ಎಂದು ಪ್ರತಿ ನಮಾಜಿನಲ್ಲೂ ಅತ್ತೆ.

ಅಲ್ಲಾಹನ ದಯೆ, ಉಳಿದಳು. ಮನೆಗೆ ಬಂದ ಮೇಲೆ ನಾನು ನಾಲತವಾಡಕ್ಕೆ ನೋಡಲು ಹೋದೆ. ಹುಡುಗಿ ಮಲಗಿದ್ದಳು. ಟೀಚರ್ ನನ್ನನ್ನು ಅಡುಗೆಮನೆಗೆ ಕರೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "'ಭಾಳ ದಿನದಿಂದ ಲಕ್ಷಣ ಇದ್ದಿರಬೇಕು, ಯಾರೂ ನೋಡ್ಲಿಲ್ಲೇನು' ಅಂದ್ರು ಡಾಕ್ಟರು. ದಿನಾ ಕಣ್ಮುಂದ ಇರೂ ಮಗಳ್ರಿ. ನನಗ ಕಾಣಲಿಲ್ಲ. ಎಂಥಾ ತಾಯಿ ನಾ?"

ಆಗಲಾದರೂ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ಯಾರಿಗೂ ಗೊತ್ತಾಗಂಗಿಲ್ರಿ ಟೀಚರ್, ಮನಸಿಗೆ ಹಚ್ಕೋಬ್ಯಾಡ್ರಿ." ಮೊದಲಿನ ಮೌನಕ್ಕೆ ಉಸ್ತಾದರ ನೆಪವಿತ್ತು. ಈ ಸುಳ್ಳು ಪೂರ್ತಿ ನನ್ನದೇ. ಬಸ್ಸಿನಲ್ಲಿ ಮರಳುವಾಗ ಪಕ್ಕದ ಸೀಟಿನವರು ಬಾಳೆಹಣ್ಣು ಸುಲಿದರು, ಆ ವಾಸನೆಗೆ ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಇಂದಿಗೂ ನಮ್ಮ ಮನೆಯಲ್ಲಿ ಹಣ್ಣು ಮಾಗಲು ಇಡುವುದಿಲ್ಲ.

ಜೂನ್‌ನಲ್ಲಿ ತಾಯಿ ಮಗಳು ಅಂಗಡಿಗೆ ಬಂದರು. ಭಾಗ್ಯಶ್ರೀ ಪರೀಕ್ಷೆಯನ್ನು ಎರಡನೇ ಅವಕಾಶದಲ್ಲಿ ಬರೆದಿದ್ದಳು. ಕೆನ್ನೆ ತುಂಬಿತ್ತು, ಕೈಯಲ್ಲಿ ಇನ್ಸುಲಿನ್ ಪೆನ್ನಿನ ಸಣ್ಣ ಚೀಲ. ಬಸವನ ಬಾಗೇವಾಡಿಯಲ್ಲಿ ಸೋದರಮಾವನ ಮದುವೆ, ಅದಕ್ಕೆ ಆ ಗೌನೇ ಬೇಕು ಎಂದಳು. ತೊಡಿಸಿದರೆ ಸೊಂಟಕ್ಕೆ ಏರಲಿಲ್ಲ. ಟೇಪು ಹಿಡಿದೆ, ಇಪ್ಪತ್ತೆಂಟು. ಬಿಚ್ಚಿ ದೊಡ್ಡದು ಮಾಡದೆ ದಾರಿಯಿರಲಿಲ್ಲ. ನಾಳೆ ಬರ್ರಿ ಎಂದೆ. "ಇಲ್ಲೇ ಕುಂಡ್ರತೇವ್ರಿ, ಬಿಚ್ಚ್ರಿ" ಎಂದಳು ಹುಡುಗಿ.

ಒಳಗಿನ ಹೊಲಿಗೆ ಬಿಚ್ಚುತ್ತ ಹೋದಂತೆ ಮಡಚಿಟ್ಟ ಬಟ್ಟೆ ಹೊರಗೆ ಬಂತು. ಮಿಂಚುವ ಹಸಿರಿನ ನಡುವೆ ಚಮಕಿ ಇಲ್ಲದ ಮೂರು ಬೋಳು ಗೆರೆಗಳು, ಒಂದರ ಪಕ್ಕ ಒಂದು.

"ಇವೇನ್ರಿ ಆಂಟಿ, ಮೂರು ಗೆರಿ?"

"ಮೂರು ಸಲ ಹಿಡದಿದ್ದೆನವಾ."

ಅವಳು ಗೆರೆಗಳ ಮೇಲೆ ಬೆರಳಾಡಿಸಿದಳು. ಸಿಟ್ಟಿರಲಿಲ್ಲ, ಬರೀ ಕೇಳಿದಳು. "ನಾ ಇಳ್ಯಾಕತ್ತಿದ್ದು ನಿಮಗ ಗೊತ್ತಾಗಿತ್ತೇನ್ರಿ?"

ಸತ್ತವರು ಕಾಡುತ್ತಾರೆ ಅನ್ನುತ್ತಾರೆ. ಬದುಕಿದವರು ಎದುರಿಗೆ ಕೂತು ಕೇಳಿದರೆ ಓಡಿಹೋಗಲು ಜಾಗವಿರುವುದಿಲ್ಲ. "ಗೊತ್ತಾಗಿತ್ತವಾ. ಇಂಚ್ ಸಮೇತ ಗೊತ್ತಾಗಿತ್ತು" ಎಂದೆ. ಅಳತೆ ಪುಸ್ತಕ ತಂದು ಟೀಚರ್ ಮುಂದೆ ಬಿಚ್ಚಿಟ್ಟೆ. ಇಪ್ಪತ್ತೆಂಟು, ಇಪ್ಪತ್ತೇಳು, ಇಪ್ಪತ್ತಾರು, ಇಪ್ಪತ್ನಾಲ್ಕೂವರೆ. ನನ್ನದೇ ಅಕ್ಷರ. ಕೆನ್ನೆಗೆ ಬಾರಿಸಲಿ, ಪುಸ್ತಕ ಎಸೆಯಲಿ ಎಂದು ಕಾದೆ.

ಟೀಚರ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ ಆ ಪುಟವನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

"ಅಂದ್ರ ನಾ ಒಬ್ಬಾಕಿನ ಅಲ್ಲ."

ಐದು ತಿಂಗಳು ಆ ಹೆಂಗಸು ಇಡೀ ಹೊರೆಯನ್ನು ಒಬ್ಬಳೇ ಹೊತ್ತಿದ್ದಳು, ಅದರಲ್ಲಿ ನನ್ನ ಪಾಲನ್ನೂ ಸೇರಿಸಿ. ಬೈದಿದ್ದರೆ ನಾನು ಒಂದು ದಿನ ಮರೆಯುತ್ತಿದ್ದೆನೇನೋ.

ಆ ಮೂರು ಗೆರೆಗಳಿಗೆ ಒಂದೊಂದಾಗಿ ಚಮಕಿ ಹಚ್ಚಲು ನನಗೆ ಒಂಬತ್ತು ದಿನ ಹಿಡಿಯಿತು. ಹೊಲಿಗೆಯ ಪಕ್ಕದಲ್ಲಿ ಅವಳೇ ಕೇಳಿದಳೆಂದು ಒಂದು ಜೇಬು ಇಟ್ಟೆ. ಶುಗರ್ ಒಮ್ಮೆಲೇ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಚಾಕೊಲೇಟ್ ಇಡುವ ಜೇಬು. ಗೌನಿಗೆ ಜೇಬು ಇಟ್ಟದ್ದು ನನ್ನ ಕಸುಬಿನಲ್ಲಿ ಅದೇ ಮೊದಲು.

ಈಗ ನಾನು ಹೇಳುತ್ತೇನೆ. ಅಳತೆ ಏರಿದರೆ ಇಂದಿಗೂ ತುಟಿ ಬಿಚ್ಚುವುದಿಲ್ಲ, ಉಸ್ತಾದರ ಮಾತು ಅದಕ್ಕೆ ಸರಿ. ಕಾರಣವಿಲ್ಲದೆ ಇಳಿದರೆ ಮಾತ್ರ ಹುಡುಗಿಯನ್ನು ಪರದೆಯ ಹಿಂದೆ ಕರೆದು, ನೀರಡಿಕೆ ಹೆಂಗೈತಿ, ಊಟ ಹೆಂಗೈತಿ ಎಂದು ಕೇಳುತ್ತೇನೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಹೋದ ತಿಂಗಳು ನಿಡಗುಂದಿಯ ಒಬ್ಬ ತಾಯಿ, "ನೀ ಟೇಲರೋ ಡಾಕ್ಟರೋ?" ಎಂದು ಬಟ್ಟೆ ಕಸಿದುಕೊಂಡೇ ಹೋದಳು. ಹೋಗಲಿ. ಮೈಯನ್ನು ಇಂಚಿನಲ್ಲಿ ಬಲ್ಲವಳು ಬಟ್ಟೆಗೆ ಮಾತ್ರ ಜವಾಬ್ದಾರಳಲ್ಲ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು.

ಮದುವೆಯ ಫೋಟೋವನ್ನು ಭಾಗ್ಯಶ್ರೀ ನನ್ನ ಫೋನಿಗೆ ಕಳಿಸಿದ್ದಳು. ಒಂದು ಕೈ ಜೇಬಿನಲ್ಲಿ, ಕೂದಲು ಕೆಳಗೆ ಗಂಟು, ಕೊರಳು ಬರಿದು, ನಾನು ಹೇಳಿದ ಹಾಗೇ. ಗೆರೆಗಳಿಗೆ ಹಚ್ಚಿದ ಹೊಸ ಚಮಕಿ ಬೇರೆ ಲಾಟಿನದು, ಹಳೆಯದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮಿಂಚುತ್ತದೆ. ನೋಡಿದವರೆಲ್ಲ ಡಿಸೈನು ಚೆಂದ ಎಂದರಂತೆ. ನಾನು ಫೋಟೋ ತೆರೆದಾಗಲೆಲ್ಲ ಅವಳ ಮುಖ ನೋಡುವ ಮೊದಲು ಆ ಮೂರು ಗೆರೆಗಳನ್ನೇ ನೋಡುತ್ತೇನೆ.