ಎಮ್ಮೆಗೆ ಮುಟ್ಟಿದ ಸಂದೇಶ

ನೀರಿನ ಮೇಲೆ ಲೇಸರ್ ಹೊಡೆದರೆ ಅದು ಬಿದ್ದ ಜಾಗ ಬಿಸಿಯಾಗಿ ತಟ್ಟನೆ ಹಿಗ್ಗುತ್ತದೆ, ಆ ಏಟಿಗೆ ನೀರೊಳಗೆ ಸದ್ದು ಹುಟ್ಟುತ್ತದೆ. ಹಾಗೆ ದಡದಿಂದಲೇ ನೀರಿನಾಳಕ್ಕೆ ಸಂದೇಶ ಕಳಿಸಬಹುದೇ ಎಂದು ನೋಡಲು ಮಮದಾಪುರದ ಕೆರೆಗೆ ಹೋಗಿದ್ದೆವು. ಸದ್ದು ಹಿಡಿಯುವ ಮೈಕನ್ನು ನೀರಿಗೆ ಇಳಿಬಿಟ್ಟದ್ದೂ ಆಯಿತು. ಅಷ್ಟರಲ್ಲಿ ಒಂದು ಎಮ್ಮೆ ಬಂದು ಸರಿಯಾಗಿ ನಮ್ಮ ಗುರಿಯಲ್ಲೇ ಮುಳುಗಿ ಕೂತಿತು. ಲೇಸರ್ ಕಣ್ಣಿಗೆ ತಾಗಿದರೆ ಅದು ಕುರುಡಾದೀತು; ಹೊಡೆಯುವಂತಿಲ್ಲ.

ದಂಡೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಎಮ್ಮೆಯ ಒಡತಿಗೆ ನಮ್ಮ ಯಂತ್ರದ ಹೆಚ್ಚುಗಾರಿಕೆಯನ್ನು ನಾನು ಆಗಲೇ ಕೊಚ್ಚಿಕೊಂಡಿದ್ದೆ. ಈಗ, "ಯವ್ವಾ, ಎಮ್ಮಿನ ಹೊರಗ ಕರೀರಿ," ಎಂದೆ.

"ನಿಮ್ಮ ಮಷೀನು ನೀರಾಗ ಮಾತಾಡ್ತೈತಿ ಅಂದ್ರಲ್ಲ. ನೀವ ಹೇಳ್ರಿ ಅಕಿಗೆ."

"ಅದು ಹೊರಗ ಬರೂತನಕಾ ಮಷೀನ್ ಚಾಲೂ ಮಾಡಂಗಿಲ್ರಿ."

"ಹೊರಗ ಬಂದ ಮ್ಯಾಲ ಮತ್ತೇನ್ ಹೇಳೂದೈತಿ?"

ಆಕೆ ನನ್ನ ಮುಖವನ್ನು ಸಾಕಷ್ಟು ಹೊತ್ತು ನೋಡಿ ಖುಷಿಪಟ್ಟು, ಎದ್ದು, ಹಿಂಡಿಯ ಬಕೆಟ್ಟನ್ನು ಅರ್ಧ ಮುಳುಗಿದ್ದ ಮೆಟ್ಟಿಲಿಗೆ ಕುಟ್ಟಿದಳು. ಎಮ್ಮೆ ಎದ್ದು ಬಂತು.

ಆಮೇಲೆ ನಮ್ಮ ಲೇಸರಿನ ಸದ್ದೂ ಮೈಕಿಗೆ ಚೆನ್ನಾಗಿಯೇ ಸಿಕ್ಕಿತೆನ್ನಿ. ಆದರೆ ಅವತ್ತು ನೀರೊಳಗೆ ಹೋದ ಸಂದೇಶಗಳಲ್ಲಿ, ಕೇಳಿದವರು ಎದ್ದು ಬಂದದ್ದು ಬಕೆಟ್ಟಿನದೊಂದಕ್ಕೇ.