ಹೊಂಗೆ ಮರದ ಮೂಡಲಿಗೆ

ತುಮಕೂರಿನಲ್ಲಿ ನಗರ ಯೋಜನೆಯ ಕೆಲಸ ನೋಡುವ ಕಚೇರಿಯೊಂದರಲ್ಲಿ ನಾನು ಗುತ್ತಿಗೆಯ ಮೇಲಿದ್ದೇನೆ. ನಕ್ಷೆ ಬರೆಯುವುದು ನನಗೆ ಬರುವುದಿಲ್ಲ. ಯಾವುದಾದರೂ ಬಡಾವಣೆಗೆ ರಸ್ತೆಯೋ ಚರಂಡಿಯೋ ಪಾರ್ಕೋ ಬರುತ್ತದೆ ಎಂದಾದಾಗ ಮೊದಲೇ ಅಲ್ಲಿಗೆ ಹೋಗಿ, ಮನೆಮನೆಯ ಬಾಗಿಲು ತಟ್ಟಿ, ಜನರನ್ನು ಒಂದು ಕಡೆ ಕೂರಿಸಿ, ಏನು ಬೇಕು ಏನು ಬೇಡ ಎಂದು ಕೇಳಿಕೊಂಡು ಬರುವುದು ನನ್ನ ಕೆಲಸ. ಹೊಸ ಬೀದಿಗೆ ಕಾಲಿಟ್ಟರೆ ಮೊದಲ ವಾರವೆಲ್ಲ ನಾನು ಯಾರು ಎಂದು ಹೇಳುವುದರಲ್ಲೇ ಕಳೆಯುತ್ತದೆ. ಕೆಲವರು ರೇಷನ್ ಕಾರ್ಡಿನವಳು ಅಂದುಕೊಳ್ಳುತ್ತಾರೆ, ಕೆಲವರು ನೀರಿನ ಬಿಲ್ಲಿನವಳು. ಬೀದಿನಾಯಿ ಹಿಡಿಸಿ ಎಂದು ಜಗಳಕ್ಕೆ ಬಂದವರೂ ಇದ್ದಾರೆ.

ಶೆಟ್ಟಿಹಳ್ಳಿಯಿಂದ ಸ್ವಲ್ಪ ಆಚೆ, ಹೊಸ ಮನೆಗಳ ಸಾಲಿಗೂ ಹಳೆಯ ಹೆಂಚಿನ ಮನೆಗಳ ಸಾಲಿಗೂ ನಡುವೆ ಒಂದಷ್ಟು ಖಾಲಿ ಜಾಗವಿತ್ತು. ಒಂದು ಕಾಲದಲ್ಲಿ ಊರಾಚೆಯ ಕುರುಚಲು ಕಾಡಾಗಿದ್ದದ್ದು. ಊರು ಬೆಳೆದು ಅದರ ಸುತ್ತ ಮನೆಗಳೆದ್ದ ಮೇಲೆ ಕಟ್ಟಡದ ಚೂರು, ಪ್ಲಾಸ್ಟಿಕ್ಕು ಸುರಿಯುವ ಜಾಗವಾಗಿತ್ತು. ನಡುವೆ ಒಂದು ದೊಡ್ಡ ಹೊಂಗೆ ಮರ. ಹೊಸ ಮನೆಗಳವರು ಅಲ್ಲಿ ಪಾರ್ಕು ಬೇಕೆಂದು ಅರ್ಜಿಯ ಮೇಲೆ ಅರ್ಜಿ ಕೊಟ್ಟು ಕೊನೆಗೂ ಮಂಜೂರು ಮಾಡಿಸಿಕೊಂಡಿದ್ದರು. ಜನರ ಅಭಿಪ್ರಾಯ ಕೇಳಲು ನನ್ನನ್ನು ಕಳಿಸಿದರು.

ಸಭೆ ಮಾಡಲು ಅಲ್ಲಿದ್ದದ್ದು ಅಂಗನವಾಡಿಯ ಒಂದೇ ಕೋಣೆ. ಮಕ್ಕಳು ಮನೆಗೆ ಹೋದ ಮೇಲೆ ಅದನ್ನು ನಮಗಾಗಿ ತೆರೆದುಕೊಡುತ್ತಿದ್ದವರು ಅಲ್ಲಿನ ಸಹಾಯಕಿ. ಐವತ್ತು ದಾಟಿದ, ತೆಳ್ಳಗಿನ, ನೆತ್ತಿಯಲ್ಲಿ ಕೂದಲು ಬೆಳ್ಳಗಾದ ಹೆಂಗಸು. ಗಂಡ ತೀರಿಹೋಗಿದ್ದರು, ಮಗಳನ್ನು ಗುಬ್ಬಿ ಕಡೆಗೆ ಕೊಟ್ಟಿತ್ತು. ಮಕ್ಕಳೂ ಬೀದಿಯವರೂ ಅವರನ್ನು ಆಯಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಜಮಖಾನ ಹಾಸಿ, ಎಲ್ಲರಿಗೂ ಟೀ ಕೊಟ್ಟು, ಬಾಗಿಲ ಪಕ್ಕ ಗೋಡೆಗೊರಗಿ ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ.

ಮಾತಾಡುವವರು ಬೇರೆ ಇದ್ದರು. ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಸಕ್ಕರೆ ಕಾಯಿಲೆ, ವಾಕಿಂಗ್ ಮಾಡಲು ದಾರಿ ಬೇಕು, ಅದು ದುಂಡಗಿರಬೇಕು, ನಡುವೆ ಅಂಕುಡೊಂಕಿನ ತಿರುವಿರಬಾರದು ಎಂದು ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಿದ್ದರು. ಹಳೆಯ ಮನೆಗಳ ಹೆಂಗಸರು ಸೆರಗಿನ ತುದಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಏನು ಕೇಳಿದರೂ "ನೀವೇ ಏನಾರ ಮಾಡಿ ಮೇಡಂ, ಚೆನ್ನಾಗಿರ್ತದೆ" ಎನ್ನುವರು.

ಮೂರನೆಯ ಸಭೆಗೆ ನಮ್ಮ ಎಂಜಿನಿಯರು ನಕ್ಷೆ ತಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ನಕ್ಷೆಯನ್ನು ನೆಲದ ಮೇಲೆ ಹರಡಿ, ಮಕ್ಕಳ ಆಟದ ಜಾಗ ಇಲ್ಲಿ, ಬೆಂಚು ಇಲ್ಲಿ ಎಂದು ಬೆರಳಿಟ್ಟು ತೋರಿಸಿದರು. "ಶೌಚಾಲಯ, ನೀರಿನ ಸಂಪು ಎರಡೂ ಹೊಂಗೆ ಮರದ ಪೂರ್ವಕ್ಕೆ ಬರ್ತವೆ. ಅಲ್ಲಿ ನೆಲ ಮೆತ್ತಗಿದೆ, ಅಗೆಯೋಕೆ ಸುಲಭ."

ಟೀ ಲೋಟ ಹಂಚುತ್ತಿದ್ದ ಆಯಮ್ಮ ಹಾಗೇ ನಿಂತರು.

"ಅಲ್ಲಿ ಅಗೀಬ್ಯಾಡಿ ಸಾ."

ಅವರ ದನಿಯನ್ನು ಸಭೆಯಲ್ಲಿ ನಾವು ಕೇಳಿದ್ದು ಅದೇ ಮೊದಲು. ಎಂಜಿನಿಯರು ತಲೆಯೆತ್ತಿ, "ಯಾಕಮ್ಮ?" ಎಂದರು.

"ಅಲ್ಲಿ ನನ್ ಕೂಸೈತೆ."

ಮಗು ಹೊರಗೆಲ್ಲೋ ಆಡುತ್ತಿದೆ ಎಂದುಕೊಂಡು ಎಂಜಿನಿಯರು ಕಿಟಕಿಯತ್ತ ನೋಡಿದರು. ಆಮೇಲೆ ಅವರಿಗೂ ತಿಳಿಯಿತು. ನಾನು ಎದ್ದುಹೋಗಿ ಆಯಮ್ಮನ ಕೈಯಿಂದ ಟೀ ತಟ್ಟೆ ತೆಗೆದುಕೊಂಡೆ.

"ಹೆಸ್ರೂ ಇಟ್ಟಿರ್ನಿಲ್ಲ. ಜ್ವರ ಬಂದು ಹೊಂಟೋಯ್ತು. ಆಗ ಇದೆಲ್ಲ ಪೊದೆ ಸಾ, ಒಂದ್ ಮನೇನೂ ಇರ್ಲಿಲ್ಲ. ಹಸುಗೂಸು ಹೋದ್ರೆ ಇಲ್ಲೇ ತಂದು ಮಣ್ಣು ಮಾಡೋರು."

ಆಗ ಹಳೆಯ ಮನೆಗಳ ಸಾಲಿನಿಂದ ಇನ್ನೊಂದು ದನಿ ಬಂತು. "ನಮ್ಮತ್ತೇದೂ ಒಂದೈತೆ ಅಂತ ಅನ್ನೋರು." ಅದರ ಹಿಂದೆ, ಯಾವಾಗಲೂ ಬೇಗ ಮನೆಗೆ ಹೋಗಬೇಕೆಂದು ಅವಸರ ಮಾಡುತ್ತಿದ್ದ ಒಬ್ಬಾಕೆ ನೆಲ ನೋಡುತ್ತಾ, "ನಂದು ಎರಡು" ಎಂದಳು. ಅವಳ ಪಕ್ಕದಲ್ಲೇ ಕೂತಿದ್ದ ಅವಳ ಸೊಸೆ ತಿರುಗಿ ಅತ್ತೆಯ ಮುಖ ನೋಡಿದಳು. ಅವಳಿಗೆ ಆವರೆಗೆ ಅದು ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಹೊಸ ಮನೆಗಳವರು ಏನನ್ನುತ್ತಾರೋ ಎಂದು ನನಗೆ ಹೆದರಿಕೆ. ಶ್ಮಶಾನದ ಮೇಲೆ ಪಾರ್ಕು ಬೇಡವೇ ಬೇಡ ಎಂದು ಎದ್ದುಬಿಡಬಹುದಿತ್ತು. ಬ್ಯಾಂಕಿನ ಹಿರಿಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಆ ಕಡೆ ಮುಟ್ಟೋದೇ ಬೇಡ ಕಣ್ರೀ. ದಾರಿ ಮರನ ಬಳಸ್ಕೊಂಡು ಹೋಗ್ಲಿ. ತಿರುವು ಇದ್ರೆ ಏನಂತೆ, ನಿಧಾನಕ್ಕೆ ನಡೀತೀನಿ" ಎಂದರು. ಯಾರೂ ಇಲ್ಲವೆನ್ನಲಿಲ್ಲ. ಎಂಜಿನಿಯರು ಅಲ್ಲೇ ಪೆನ್ಸಿಲಿನಲ್ಲಿ ಮರದ ಪೂರ್ವದ ಜಾಗಕ್ಕೆಲ್ಲ ಗೆರೆ ಸುತ್ತಿ, ಶೌಚಾಲಯವನ್ನು ರಸ್ತೆಯ ಬದಿಗೆ ಸರಿಸಿದರು. ಆ ದಿನ ನಾನು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಈ ಕೆಲಸ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡದ್ದು ನೆನಪಿದೆ.

ಮರುದಿನ ಆಯಮ್ಮ ನನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋದರು. ಗುರುತಿಗೆ ಅಲ್ಲಿ ಒಂದು ಕಲ್ಲೂ ಇರಲಿಲ್ಲ.

"ಇಲ್ಲೇ ಅಂತ ನಿಮ್ಗೆ ಹೆಂಗೆ ಗೊತ್ತು ಆಯಮ್ಮ?"

"ನನ್ನ ಎಲ್ಲಿ ಬರಾಕೆ ಬುಟ್ರು? ಹಸಿ ಬಾಣಂತಿ, ಅದ್ರಾಗೆ ಹೆಂಗ್ಸು. ನಮ್ಮನೆ ಆವಯ್ಯನೇ ಕೂಸ್ನ ಟವಲ್ನಾಗೆ ಸುತ್ಕೊಂಡು ಬಂದಿದ್ದು. ಎಲ್ಲಿ ಮಾಡ್ದೆ ಅಂದ್ರೆ ಬಾಯೇ ಬುಡ್ತಿರ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಒಂದಿನ ಇಬ್ರೂ ಸೌದೆಗೆ ಬಂದಿದ್ವಿ. ಆಗ ಹೇಳ್ತು, ಹೊಂಗೆ ಮರದ ಮೂಡ್ಲಿಗೆ ಕಣೇ, ಬೇರಿನ ಪಕ್ಕ ಅಂತ. ಹೇಳಿ ಅಲ್ಲೇ ಕೂತ್ಕೊಂಡು ಅತ್ತುಬುಡ್ತು."

ಮಾರ್ನಮಿ ಅಮಾವಾಸ್ಯೆಗೆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹಸುಗೂಸುಗಳಿಗೆ ಎಡೆಯಿಲ್ಲ. ಎಲ್ಲರ ಊಟವಾದ ಮೇಲೆ ಆಯಮ್ಮ ಒಂದು ಲೋಟ ಹಾಲು ಸೆರಗಿನ ಮರೆಯಲ್ಲಿ ತಂದು ಆ ಬೇರಿನ ಪಕ್ಕ ಸುರಿದುಹೋಗುತ್ತಿದ್ದರಂತೆ. ಅದನ್ನು ಅವರು ಮಗಳಿಗೂ ಹೇಳಿರಲಿಲ್ಲ.

ತಿದ್ದಿದ ನಕ್ಷೆ ಬಂದಾಗ ಅದರ ಒಂದು ಪ್ರತಿಯನ್ನು ಅವರಿಗೆ ಒಯ್ದು ತೋರಿಸಿದೆ. ಓದಲು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಮರದ ಗುರುತು ಎಲ್ಲಿದೆ ಎಂದು ಕೇಳಿ, ಅದರ ಪಕ್ಕದ ಬಿಳಿಯ ಜಾಗದ ಮೇಲೆ ಹೆಬ್ಬೆರಳಿಟ್ಟರು. "ಇನ್ನು ಯಾರೂ ಮುಟ್ಟಲ್ಲ ಅಲ್ವೇನವ್ವ?" ಎಂದರು. ಮುಟ್ಟುವುದಿಲ್ಲ ಎಂದೆ. ಹಾಗೆಂದು ನಾನೂ ನಂಬಿದ್ದೆ.

ಆಮೇಲೆ ಕುಣಿಗಲ್ಲಿನಲ್ಲಿ ಸಂತೆಬೀದಿಯ ಕೆಲಸಕ್ಕೆ ಜನ ಬೇಕೆಂದು ನನ್ನನ್ನು ಕೆಲವು ತಿಂಗಳು ಅಲ್ಲಿಗೆ ಹಾಕಿದರು. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತರಕಾರಿಯವರ ಜೊತೆ, ಕೊತ್ತಗೆರೆ ಕಡೆಯಿಂದ ಕಾಯಿ ತಂದು ಮಾರುವವರ ಜೊತೆ ಮಾತು. ಒಂದು ಮಧ್ಯಾಹ್ನ ಬ್ಯಾಂಕಿನ ಹಿರಿಯರ ಫೋನು ಬಂತು. ಅವರು ಯಾವಾಗಲೂ ಗಟ್ಟಿಯಾಗಿ ಮಾತಾಡುವವರು. ಆ ದಿನ ದನಿಯೇ ಇರಲಿಲ್ಲ.

"ನೀವೊಂದ್ಸಲ ಬನ್ನಿ ಮೇಡಂ. ಮದುವೆಗೆ ಅಂತ ನಾವು ಮನೆಯವರೆಲ್ಲ ಊರಿಗೆ ಹೋಗಿದ್ವಿ. ಬಂದು ನೋಡ್ತೀವಿ, ಜೆಸಿಬಿ ಆ ಜಾಗನೆಲ್ಲ ಅಗೆದು ಹಾಕಿದೆ."

ನಾನು ಹೋದಾಗ ಹೊಂಗೆ ಮರ ನಿಂತಿತ್ತು. ಅದರ ಪೂರ್ವದ ಬೇರುಗಳು ಕತ್ತರಿಸಿ ಹೋಗಿದ್ದವು, ಅಲ್ಲಿಂದಾಚೆಗೆ ಚೌಕಾಕಾರದ ದೊಡ್ಡ ಗುಂಡಿ. ಸಂಪಿನ ಗುಂಡಿ. ಮಣ್ಣನ್ನು ಆಗಲೇ ಟಿಪ್ಪರಿನಲ್ಲಿ ಸಾಗಿಸಿಯಾಗಿತ್ತು. ಗುತ್ತಿಗೆದಾರನ ಮೇಸ್ತ್ರಿ ತನ್ನ ಕೈಯಲ್ಲಿದ್ದ ನಕ್ಷೆ ಬಿಡಿಸಿ ತೋರಿಸಿದ. ಅದು ಮೊದಲಿನದು. ಟೆಂಡರಿನ ಜೊತೆ ಹಳೆಯ ನಕ್ಷೆಯೇ ಹೋಗಿತ್ತು. ತಿದ್ದಿದ್ದು ಯಾವ ಮೇಜಿನಲ್ಲಿ ಉಳಿಯಿತು ಎಂದು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎಂಜಿನಿಯರು ಗುಂಡಿಯ ಅಂಚಿನಲ್ಲಿ ನಿಂತು, "ನಾನು ಕಳಿಸಿದ್ದೆ ಮೇಡಂ, ದೇವರಾಣೆಗೂ ಕಳಿಸಿದ್ದೆ" ಎಂದು ಹೇಳುತ್ತಲೇ ಇದ್ದರು.

ಆಯಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದರು. ನನ್ನನ್ನು ಕಂಡು ಸೌಟು ಕೆಳಗಿಟ್ಟರು. ಜೆಸಿಬಿಯ ಸದ್ದು ಕೇಳಲಿಲ್ಲವೇ ಎಂದು ನಾನು ಕೇಳಿಬಿಟ್ಟೆ. ಕೇಳಬಾರದಿತ್ತು.

"ಕೇಳುಸ್ತಿತ್ತಲ್ಲ, ಬೆಳಗ್ನಿಂದ್ಲೂ ಕೇಳುಸ್ತಿತ್ತು. ಆ ಮೂಲೇನ ಮುಟ್ಟಲ್ಲ ಅಂತ ಮಾತಾಗೈತಲ್ಲ ಅಂತ ನಾನು ಹೋಗ್ನೇ ಇಲ್ಲ ಕಣವ್ವ. ಮಕ್ಳು ಸದ್ದಿಗೆ ಹೆದ್ರುಕೊಂಡ್ವು, ಅವ್ಕೆ ಹಾಡು ಹೇಳ್ಕೊಡ್ತಿದ್ದೆ."

ಆ ಮಣ್ಣು ಎಲ್ಲಿಗೆ ಹೋಯಿತು ಎಂದಷ್ಟೇ ಅವರು ಕೇಳಿದ್ದು. ಮೇಸ್ತ್ರಿಯಿಂದ ತಿಳಿದುಕೊಂಡು ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಕುಣಿಗಲ್ ರಸ್ತೆಯಲ್ಲಿ ಯಾರದೋ ತಗ್ಗಿನ ಸೈಟು. ಹತ್ತಾರು ಕಡೆಯ ಮಣ್ಣು ಅಲ್ಲಿ ರಾಶಿ ಬಿದ್ದಿತ್ತು. ಕೆಮ್ಮಣ್ಣು, ಬಿಳಿಮಣ್ಣು, ಇಟ್ಟಿಗೆ ಚೂರು. ಒಂದು ಬದಿಯಲ್ಲಿ ಅದನ್ನೆಲ್ಲ ಹರವಿ ಸಮತಟ್ಟು ಮಾಡಿ ರೋಲರ್ ಓಡಿಸಿದ್ದರು. ಆಯಮ್ಮ ಚಪ್ಪಲಿ ಬಿಟ್ಟು ಒಂದು ರಾಶಿಯ ಹತ್ತಿರ ಹೋದರು. ಅಲ್ಲಿಂದ ಇನ್ನೊಂದರ ಹತ್ತಿರ. ಬಗ್ಗಿ ಮಣ್ಣು ಮುಟ್ಟಿ ನೋಡುವುದು, ಕೈ ಕೊಡವಿ ಮುಂದೆ ಹೋಗುವುದು. ಸೈಟಿನ ಕಾವಲಿನವನು ಏನಾದರೂ ಕಳೆದುಹೋಗಿದೆಯಾ ಎಂದು ಕೇಳಿದ.

ಕೊನೆಗೆ ಅವರು ಹಿಂದಿರುಗಿ ಬಂದು ನನ್ನೆದುರು ನಿಂತರು.

"ಮೂಳೆಗೀಳೆ ಏನೂ ಉಳ್ದಿರಲ್ಲ, ನನ್ಗೂ ಗೊತ್ತವ್ವ. ಅಷ್ಟು ಎಳೇದು. ಒಂದ್ ಜಾಗ ಅಂತ ಇತ್ತಲ್ಲ, ಅದಕ್ಕೇ" ಎಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆ ರಾಶಿಗಳನ್ನೇ ನೋಡಿದರು. "ಇಷ್ಟ್ರಾಗೆ ಯಾವ್ದು ಅಂತ ಹುಡುಕ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಸಮಾಧಾನ ಮಾಡಬೇಕಾದವಳು ನಾನು. ಅವರೇ ನನ್ನ ಬೆನ್ನು ಸವರಿದರು.

ಕಚೇರಿಯಲ್ಲಿ ನಾನು ಕೂಗಾಡಿದೆ, ಬರೆದುಕೊಟ್ಟೆ, ಮೇಲಿನವರನ್ನು ಕಂಡು ಬಂದೆ. ಅವರೆಲ್ಲ ಅಯ್ಯೋ ಅಂದರು, ನಿಜವಾಗಿಯೂ ನೊಂದುಕೊಂಡರು. ಗುಂಡಿ ಮುಚ್ಚಿಸಿ ಸಂಪನ್ನು ಬೇರೆ ಕಡೆ ಮಾಡಿಸಿದರು. ಮುಚ್ಚಲು ಬೇರೆಲ್ಲಿಂದಲೋ ಮಣ್ಣು ತಂದರು. ಬ್ಯಾಂಕಿನ ಹಿರಿಯರು ಆ ಜಾಗದಲ್ಲಿ ಪಾರಿಜಾತದ ಗಿಡ ನೆಟ್ಟು, ನೆಡುವ ದಿನ ಆಯಮ್ಮನ ಮನೆಗೇ ಹೋಗಿ ಕರೆದರಂತೆ. ಮೈಗೆ ಹುಷಾರಿಲ್ಲ ಎಂದು ಅವರು ಬರಲಿಲ್ಲ. ಬೇರು ಕತ್ತರಿಸಿದ ಹೊಂಗೆ ಮರ ಒಂದು ಪಕ್ಕಕ್ಕೆ ಒಣಗುತ್ತಾ ಬಂತು. ಪಾರ್ಕಿಗೆ ಬೆಳಗ್ಗೆ ಸಂಜೆ ಜನ ಬರುತ್ತಾರೆ, ಮಕ್ಕಳು ಜೋಕಾಲಿಗೆ ಜಗಳವಾಡುತ್ತಾರೆ. ಚೆನ್ನಾಗಿಯೇ ಇದೆ. ನಾನು ಒಳಗೆ ಹೋಗುವುದಿಲ್ಲ.

ಆಯಮ್ಮ ಆ ವರ್ಷವೇ ಕೆಲಸ ಬಿಟ್ಟು ಗುಬ್ಬಿ ಹತ್ತಿರದ ಮಗಳ ಮನೆಗೆ ಹೋದರು. ನನಗೆ ಅವರನ್ನು ನೋಡದೆ ಇರಲಾಗಲಿಲ್ಲ. ಒಂದು ಭಾನುವಾರ ಹಣ್ಣು ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇಳಿದುಹೋಗಿದ್ದರು. "ಬಾರವ್ವ, ಈಗ ನೆನಪಾದ್ನಾ?" ಎಂದು ನಕ್ಕರು. ಮಗಳು ಕಾಫಿ ತಂದುಕೊಟ್ಟು ಒಳಗೆ ಹೋದಳು. ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

"ನಿಮ್ಗೆ ನನ್ ಮೇಲೆ ಕೋಪ ಇದ್ರೆ ಬೈದುಬುಡಿ ಆಯಮ್ಮ" ಎಂದೆ.

"ನಿನ್ ಮ್ಯಾಲ್ಯಾಕೆ ಕ್ವಾಪ? ನೀನು ಕೇಳ್ದೆ, ನಾನು ಹೇಳ್ದೆ. ನಾನು ಬಾಯ್ ಬುಡಬಾರ್ದಾಗಿತ್ತು, ಅಷ್ಟೇಯ." ಕಾಳನ್ನು ಮೊರಕ್ಕೆ ಹಾಕಿದರು. "ಸುಮ್ಕಿದ್ದಿದ್ರೆ, ಅವ್ರು ಅಗದ್ರೂ ಅದು ನನ್ಗೊಬ್ಳಿಗೇ ಗೊತ್ತಾಗ್ತಿತ್ತು. ಒಳಗೇ ಇಟ್ಕೊಂಡಿರ್ತಿದ್ದೆ. ಹೇಳಿದ್ಮೇಲೆ ಏನಾಯ್ತು ಅಂದ್ರೆ, ಬೀದೀಲಿ ಹೋದ್ರೆ ಸಾಕು, ಎಲ್ರೂ ನನ್ ಮಖ ನೋಡೋರು. ಪಾಪ ಅನ್ನೋರು. ನನ್ ಕೂಸು ಊರೋರ ಬಾಯ್ಗೆ ಹೋಯ್ತು ಕಣವ್ವ. ಅದಕ್ಕೇ ಇಲ್ಲಿಗೆ ಬಂದ್ಬುಟ್ಟೆ."

ನಾನು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡೆ.

ಈ ಸಲ ಮಾರ್ನಮಿಗೆ ಆ ಹಾಲನ್ನು ಏನು ಮಾಡಿದಿರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ನನ್ನ ಕೆಲಸ ಖಾಯಂ ಆಯಿತೇ, ಮದುವೆಗೆ ಗಂಡು ನೋಡುತ್ತಿದ್ದಾರೆಯೇ ಎಂದೆಲ್ಲ ವಿಚಾರಿಸಿದರು. ಹೊರಡುವಾಗ ರಸ್ತೆಯವರೆಗೂ ಬಂದರು. ಬಿಸಿಲಿದೆ, ಹೋಗಿ ಎಂದರೂ ಕೇಳದೆ ಬಸ್ಸು ಬರುವ ತನಕ ನನ್ನ ಜೊತೆ ನಿಂತರು. ತಾವೇ ಕೈ ಅಡ್ಡ ಹಾಕಿ ನಿಲ್ಲಿಸಿದರು.

"ಸೀಟು ನೋಡ್ಕೊಂಡು ಕೂತ್ಕೊ. ಹುಷಾರಾಗಿ ಹೋಗವ್ವ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರು ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಿದ. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, "ತುಮಕೂರಿಗೇ ಇರ್ಬೇಕು, ಕೊಡಪ್ಪ" ಎಂದು ನನ್ನ ಪರವಾಗಿ ಟಿಕೆಟ್ ಇಸಿದುಕೊಂಡಳು.